ಮುಖಸ್ತುತಿಯ ಮಾತೂ ಹಂಗಿಲ್ಲದ ಮಾತೂ

ಸ್ಮರಣಸಂಚಿಕೆಯ ಮೊದಲ ಪುಟಗಳಲ್ಲಿ ಹಿರಿಯರ ಶುಭಸಂದೇಶಗಳೂ, ನಡುವೆ ಹಳೆಯ ವಿದ್ಯಾರ್ಥಿನಿಯರ ನೆನಪುಗಳೂ, ಕೊನೆಯಲ್ಲಿ ಉಪಕಾರಸ್ಮರಣೆಯೂ ಬರುವದು ವಾಡಿಕೆ. ಇವೆಲ್ಲವುಗಳಲ್ಲಿ ಹೊಗಳಿಕೆಯ ಮಾತು ಹೇರಳವಾಗಿರುತ್ತದೆ. ಸಂತೋಷದ ಸಮಯದಲ್ಲಿ ಒಳ್ಳೆಯ ಮಾತನ್ನಾಡುವದು ತಪ್ಪೆಂದು ಯಾರೂ ಹೇಳಲಾರರು. ಆದರೆ ಹೊಗಳಿಕೆಯಲ್ಲಿ ಎರಡು ಬಗೆ ಉಂಟು. ಎರಡೂ ಒಂದೇ ಉಡುಪನ್ನುಟ್ಟು, ಒಂದೇ ನಗೆಯನ್ನು ತೊಟ್ಟು ನಮ್ಮ ಬಾಗಿಲಿಗೆ ಬರುತ್ತವೆ. ಒಂದು ನಮ್ಮನ್ನು ಬೆಳೆಸುವದು. ಇನ್ನೊಂದು ನಮ್ಮನ್ನು ಮಾರುವದು. ಇವನ್ನು ಬೇರ್ಪಡಿಸಿ ನೋಡುವ ಕಣ್ಣು ನಮ್ಮ ಹೆಣ್ಣುಮಕ್ಕಳಿಗೆ ಬಂದಿದೆಯೋ ಇಲ್ಲವೋ ಎಂಬದೇ ಶಾಲೆಯ ಶಿಕ್ಷಣದ ಒಂದು ಮುಖ್ಯ ಪರೀಕ್ಷೆಯೆಂದು ನಾವು ಭಾವಿಸುತ್ತೇವೆ. ಈ ವಿಚಾರದಲ್ಲಿ ಸತ್ಯವೇದದ ಒಂದು ಗ್ರೀಕ್ ಶಬ್ದವು ನಮಗೆ ಬಹಳ ಸಹಾಯಮಾಡುವದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಆ ಶಬ್ದವು ಕೊಲಕೇಯಾ ಎಂಬದು. ಹೊಸ ಒಡಂಬಡಿಕೆಯಲ್ಲೆಲ್ಲಾ ಅದು ಒಂದೇ ಒಂದು ಸಾರಿ ಬಂದಿದೆ. ಅಪೊಸ್ತಲನಾದ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದ 5ನೆಯ ವಾಕ್ಯದಲ್ಲಿ ಅದನ್ನು ಕಾಣಬಹುದು. ಈ ಪತ್ರಿಕೆಯು ಕ್ರಿಸ್ತಶಕ 50ರ ಸುಮಾರಿಗೆ ಬರೆಯಲ್ಪಟ್ಟದ್ದೆಂದು ಪಂಡಿತರು ಎಣಿಸುತ್ತಾರೆ. ತಾನು ಆ ಪಟ್ಟಣದಲ್ಲಿದ್ದಾಗ ಕೊಲಕೇಯಾದ ಮಾತನ್ನು ಎಂದೂ ಆಡಲಿಲ್ಲವೆಂದೂ, ಲೋಭಕ್ಕೆ ಮುಸುಕು ಹಾಕಿಕೊಂಡು ಬರಲಿಲ್ಲವೆಂದೂ ಪೌಲನು ಅಲ್ಲಿ ಹೇಳುತ್ತಾನೆ. ಮೊದಲನೆಯದಕ್ಕೆ ಅವರನ್ನೂ ಎರಡನೆಯದಕ್ಕೆ ದೇವರನ್ನೂ ಸಾಕ್ಷಿಯಾಗಿ ಕರೆಯುತ್ತಾನೆ. ಈ ಎರಡು ಮಾತುಗಳು ಒಂದರ ಪಕ್ಕದಲ್ಲಿ ಒಂದು ನಿಂತಿರುವದನ್ನು ಗಮನಿಸಬೇಕು. ಮುಖಸ್ತುತಿಯ ನೆರೆಯಲ್ಲಿಯೇ ಲೋಭದ ಮನೆಯಿದೆ.

ಪೌಲನು ಈ ಶಬ್ದವನ್ನು ಹೊಸದಾಗಿ ಕಟ್ಟಲಿಲ್ಲ. ಗ್ರೀಕರು ಅದನ್ನು ನಾನೂರು ವರ್ಷಗಳಿಗೂ ಹಿಂದಿನಿಂದ ಒರೆಗೆ ಹಚ್ಚಿ ನೋಡಿದ್ದರು. ತತ್ತ್ವಜ್ಞಾನಿಯಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಎರಡು ತರದ ಜನರನ್ನು ಬೇರೆ ಮಾಡಿದ್ದಾನೆ. ಯಾವ ಲಾಭದ ಎಣಿಕೆಯೂ ಇಲ್ಲದೆ ಎಲ್ಲರನ್ನೂ ಮೆಚ್ಚಿಸಬೇಕೆಂದು ಹೊರಟವನು ಒಬ್ಬ. ಅವನಿಗೆ ಅರೆಸ್ಕೋಸ್ ಎಂದು ಹೆಸರು. ಹಣ ಮೊದಲಾದ ಪ್ರಯೋಜನವನ್ನು ಮನಸ್ಸಿನಲ್ಲಿಟ್ಟು ಮೆಚ್ಚಿಸುವವನು ಇನ್ನೊಬ್ಬ, ಅವನೇ ಕೊಲಾಕ್ಸ್. ಅವನು ಆಡುವ ಮಾತೇ ಕೊಲಕೇಯಾ. ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ಟಸನು ಮನುಷ್ಯಸ್ವಭಾವಗಳ ಮೂವತ್ತು ಚಿತ್ರಗಳನ್ನು ಬರೆದನು. ಅವುಗಳಲ್ಲಿ ಎರಡನೆಯದು ಈ ಕೊಲಾಕ್ಸನ ಚಿತ್ರ. ಇವನು ಧನಿಕನ ಸಂಗಡ ನಡೆಯುತ್ತಾ, ಊರೆಲ್ಲಾ ನಿಮ್ಮನ್ನೇ ನೋಡುತ್ತಿದೆಯಲ್ಲಾ ಎನ್ನುವನು; ಅವನ ಮೇಲುಹೊದಿಕೆಯಲ್ಲಿ ಅಂಟಿದ ನೂಲಿನೆಳೆಯನ್ನು ಕಿತ್ತು ತೆಗೆಯುವನು; ಅವನ ಮಕ್ಕಳಿಗೆ ಹಣ್ಣುಗಳನ್ನು ಕೊಂಡು ತಂದು, ತಂದೆ ನೋಡುತ್ತಿರುವಾಗಲೇ ಅವರ ಕೈಗಿತ್ತು ಮುದ್ದಿಸುವನು. ಇಪ್ಪತ್ತಮೂರು ಶತಮಾನಗಳು ಕಳೆದರೂ ಈ ಮನುಷ್ಯನಿಗೆ ಮುಪ್ಪು ಬಂದಿಲ್ಲ. ನಮ್ಮ ಸಂತೆಯಲ್ಲಿಯೂ ಕಚೇರಿಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ವಾಚಕರು ಅವನನ್ನು ಕಂಡಿರುವರು. ಮಗುವಿಗೆ ಹಣ್ಣು ಕೊಟ್ಟದ್ದು ಕೆಡುಕಲ್ಲ. ಮಗುವಿನ ಕೈಗೆ ಕೊಟ್ಟು ತಂದೆಯ ಮುಖವನ್ನು ನೋಡಿದನಲ್ಲಾ, ಅಲ್ಲಿಯೇ ಅವನ ಗುಟ್ಟು ಹೊರಬಿದ್ದಿತು.

ಅರಿಸ್ಟಾಟಲನ ಗುರುವಾದ ಪ್ಲೇಟೋ ಎಂಬವನು ಗೋರ್ಗಿಯಸ್ ಎಂಬ ಸಂವಾದಗ್ರಂಥದಲ್ಲಿ ಇದೇ ಶಬ್ದಕ್ಕೆ ಇನ್ನೊಂದು ದೃಷ್ಟಾಂತವನ್ನು ಕೊಟ್ಟಿರುವನು. ಒಬ್ಬ ವೈದ್ಯನೂ ಒಬ್ಬ ಅಡಿಗೆಯವನೂ ಮಕ್ಕಳ ಮುಂದೆ ನಿಂತು, ಶರೀರಕ್ಕೆ ಹಿತವಾದ ಆಹಾರವನ್ನು ನಮ್ಮಿಬ್ಬರಲ್ಲಿ ಯಾರು ಬಲ್ಲರೆಂದು ಕೇಳಿದರೆ, ಮಕ್ಕಳು ಅಡಿಗೆಯವನನ್ನೇ ಆರಿಸುವರು. ವೈದ್ಯನು ಹಸಿವೆಯಿಂದ ಸಾಯಬೇಕಾದೀತು ಎಂದು ಅಲ್ಲಿ ವಾದಿಸಲ್ಪಟ್ಟಿದೆ. ಹಿತವನ್ನು ಬಿಟ್ಟು ಇಷ್ಟವನ್ನು ಮಾತ್ರ ನೋಡಿ ಉಣಬಡಿಸುವ ಮಾತೇ ಕೊಲಕೇಯಾ ಎಂಬದು ಇದರ ತಾತ್ಪರ್ಯ. ಅಡಿಗೆಮನೆಯ ಕೆಲಸವನ್ನು ಬಲ್ಲ ನಾವು ಅದಕ್ಕೆ ಇಷ್ಟನ್ನು ಸೇರಿಸಬಹುದು: ತಾಯಿಯಾದವಳು ಅಡಿಗೆಯವಳೂ ಹೌದು, ವೈದ್ಯಳೂ ಹೌದು, ಆಕೆ ಮಗುವಿಗೆ ಒಂದೇ ಕೈಯಿಂದ ಬೆಲ್ಲವನ್ನೂ ಕಷಾಯವನ್ನೂ ಕೊಡುವಳು.

ಸತ್ಯವೇದದಲ್ಲಿ ಇದರ ಒಡಹುಟ್ಟಿದ ಶಬ್ದಗಳು ಇನ್ನು ಕೆಲವುಂಟು. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದ 18ನೆಯ ವಾಕ್ಯದಲ್ಲಿ, ನಯವಾದ ಮಾತು ಎಂಬರ್ಥದ ಖ್ರೇಸ್ತೊಲೊಗಿಯಾ ಎಂಬದೂ, ಅದರ ಜೊತೆಗೆ ಯೂಲೊಗಿಯಾ ಎಂಬದೂ ಬರುತ್ತವೆ. ಈ ಎರಡನೆಯ ಶಬ್ದದ ಸಂಗತಿ ವಿಚಾರಿಸತಕ್ಕದ್ದು. ಉಳಿದ ಕಡೆಗಳಲ್ಲಿ ಅದರ ಅರ್ಥವು ಆಶೀರ್ವಾದ, ಸ್ತೋತ್ರ ಎಂದಾಗಿದ್ದು, ದೇವರನ್ನು ಕೊಂಡಾಡುವದಕ್ಕೂ ಅದೇ ಶಬ್ದವು ಸಲ್ಲುತ್ತದೆ. ಇಲ್ಲಿ ಮಾತ್ರ ಅದು ಮೋಸದ ಸವಿನುಡಿಯಾಗಿದೆ. ಒಂದೇ ಶಬ್ದವು ಒಬ್ಬನ ಬಾಯಲ್ಲಿ ಆಶೀರ್ವಾದ, ಇನ್ನೊಬ್ಬನ ಬಾಯಲ್ಲಿ ಬಲೆ. ಈ ಬಲೆಗೆ ಬೀಳುವವರು ಯಾರೆಂಬದನ್ನೂ ಪೌಲನು ಹೇಳುತ್ತಾನೆ. ಅವರಿಗೆ ಅವನು ಕೊಟ್ಟ ಹೆಸರು ಅಕಾಕೋಸ್, ಎಂದರೆ ಕೆಡುಕನ್ನರಿಯದವರು, ನಿಷ್ಕಪಟಿಗಳು. ತಮ್ಮಲ್ಲಿ ಕಪಟವಿಲ್ಲದ ಕಾರಣ ಇತರರಲ್ಲಿಯೂ ಅದನ್ನು ಸಂಶಯಿಸದವರೇ ಮೊದಲು ಮೋಸಹೋಗುವರು.

ಯೂದನು ಬರೆದ ಚಿಕ್ಕ ಪತ್ರಿಕೆಯ 16ನೆಯ ವಾಕ್ಯದಲ್ಲಿ ಮತ್ತೊಂದು ಮಾತಿದೆ. ಗ್ರೀಕಿನಲ್ಲಿ ಅದರ ಅಕ್ಷರಾರ್ಥವು, ಲಾಭಕ್ಕೋಸ್ಕರ ಮುಖಗಳನ್ನು ಕಂಡು ಬೆರಗಾಗುವವರು ಎಂದು. ಇದನ್ನು ಓದುವಾಗ ಕನ್ನಡಿಗರಿಗೆ ಸಂತೋಷವಾಗತಕ್ಕದ್ದು. ಮುಖಸ್ತುತಿ ಎಂಬ ಶಬ್ದವು ನಮ್ಮಲ್ಲಿ ಮೊದಲಿನಿಂದಲೂ ಇದ್ದು, ಗ್ರೀಕರು ನೋಡಿದ ಸ್ಥಳವನ್ನೇ ನಮ್ಮ ಹಿರಿಯರೂ ನೋಡಿದ್ದಾರೆ. ಸ್ತುತಿಯು ಮುಖಕ್ಕೆ ಸಲ್ಲುತ್ತದೆ, ಗುಣಕ್ಕಲ್ಲ. ಎದುರಿಗೆ ಇರುತ್ತದೆ, ಬೆನ್ನ ಹಿಂದೆ ಇರುವದಿಲ್ಲ. ನಮ್ಮ ಆಡುಮಾತಿನಲ್ಲಿ ಹೊಗಳಿ ಹೊನ್ನಶೂಲಕ್ಕೇರಿಸುವದೆಂಬ ನುಡಿಯೂ ಉಂಟು. ಬಸವಣ್ಣನವರು ಒಂದು ವಚನದಲ್ಲಿ ತಮ್ಮವರೇ ಪ್ರೀತಿಯಿಂದ ಮಾಡಿದ ಹೊಗಳಿಕೆಯನ್ನು ಚಿನ್ನದ ಶೂಲಕ್ಕೆ ಹೋಲಿಸಿರುವರು. ಶೂಲವು ಚಿನ್ನದ್ದಾದರೆ ಚುಚ್ಚುವದಿಲ್ಲವೇ?

ಹಾಗಾದರೆ ಯಾರನ್ನೂ ಹೊಗಳಲೇಬಾರದೋ? ಪೌಲನು ಹಾಗೆ ಹೇಳುವದಿಲ್ಲ. ಕೊಲಕೇಯಾವನ್ನು ನಿರಾಕರಿಸಿದ ಅದೇ ಪತ್ರಿಕೆಯಲ್ಲಿ ಅವನು ಥೆಸಲೋನಿಕದವರ ನಂಬಿಕೆಯನ್ನೂ ಪ್ರೀತಿಯ ದುಡಿಮೆಯನ್ನೂ ತಾಳ್ಮೆಯನ್ನೂ ಬಾಯಿತುಂಬ ಕೊಂಡಾಡಿರುವನು. ಇವನ ಹೊಗಳಿಕೆ ಮುಖಸ್ತುತಿಯಲ್ಲವೆಂದು ನಾವು ತಿಳಿಯುವದು ಹೇಗೆ? ಇದಕ್ಕೆ ಅವನು ಎರಡು ಸಾಕ್ಷ್ಯಗಳನ್ನು ಕೊಡುತ್ತಾನೆ. 7ನೆಯ ವಾಕ್ಯದಲ್ಲಿ ತನ್ನ ಸ್ವಂತ ಮಕ್ಕಳಿಗೆ ಮೊಲೆಯೂಡಿಸಿ ಸಾಕುವ ತಾಯಿಯ ಹೋಲಿಕೆ ಬರುತ್ತದೆ. ಹಾಲೂಡಿಸುವ ತಾಯಿ ಮಗುವಿನಿಂದ ಪಡೆಯುವವಳಲ್ಲ, ಕೊಡುವವಳು. 9ನೆಯ ವಾಕ್ಯದಲ್ಲಿ, ಅವರಲ್ಲಿ ಯಾರ ಮೇಲೂ ಭಾರವಾಗಬಾರದೆಂದು ತಾನು ಹಗಲೂ ಇರುಳೂ ದುಡಿದದ್ದನ್ನು ನೆನಪಿಗೆ ತರುತ್ತಾನೆ. ಅವನ ಕಸುಬು ಗುಡಾರ ಮಾಡುವದೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ತಾನು ಉಂಡ ಅನ್ನಕ್ಕೆ ತನ್ನ ಕೈಗಳೇ ಬೆಲೆ ಕೊಟ್ಟಿದ್ದರಿಂದ ಅವನ ನಾಲಿಗೆಯು ಯಾರಿಗೂ ಸಾಲಗಾರನಾಗಿರಲಿಲ್ಲ.

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಮುಖಸ್ತುತಿಗೆ ಎದುರಾದದ್ದು ಒರಟು ಮಾತೆಂದು ಜನರು ಸಾಮಾನ್ಯವಾಗಿ ಎಣಿಸುತ್ತಾರೆ. ಅದು ಹಾಗಲ್ಲ. ಮುಖಸ್ತುತಿಗೆ ಎದುರಾದದ್ದು ಹಂಗಿಲ್ಲದ ಮಾತು. ಹಂಗಿನಲ್ಲಿರುವವನ ಬಾಯಲ್ಲಿ ನಿಜವು ಮೆಲ್ಲಗೆ ಸಾಯುತ್ತದೆ; ಸ್ವಂತ ದುಡಿಮೆಯ ಅನ್ನವನ್ನು ಉಣ್ಣುವವನು ಪ್ರೀತಿಯಿಂದ ಹೊಗಳಲೂ ಬಲ್ಲನು, ಪ್ರೀತಿಯಿಂದ ತಿದ್ದಲೂ ಬಲ್ಲನು.

ಇದಕ್ಕೆ ಉದಾಹರಣೆಗಳನ್ನು ಹುಡುಕಲು ದೂರದೇಶಕ್ಕೆ ಹೋಗಬೇಕಾದದ್ದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಈ ಮೂರು ಊರುಗಳ ನೆಲವೇ ಸಾಕು. ಮೊದಲು ಮಸ್ಕಿಯನ್ನು ನೋಡೋಣ. ಹನ್ನೊಂದನೆಯ ಶತಮಾನದ ಮೊದಲ ಕಾಲುಭಾಗದಲ್ಲಿ ಚೋಳರ ರಾಜೇಂದ್ರನಿಗೂ ಚಾಲುಕ್ಯರ ಜಯಸಿಂಹನಿಗೂ ಮುಸಂಗಿ ಎಂಬಲ್ಲಿ ಯುದ್ಧವಾಯಿತು. ಈ ಮುಸಂಗಿಯು ನಮ್ಮ ಮಸ್ಕಿಯೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಜಯಸಿಂಹನು ಅಲ್ಲಿ ಬೆನ್ನು ತೋರಿ ಓಡಿದನೆಂದು ರಾಜೇಂದ್ರನ ತಮಿಳು ಪ್ರಶಸ್ತಿಗಳು ಹಾಡುತ್ತವೆ. ಜಯಸಿಂಹನ 1024ರ ಮಿರಜ್ ತಾಮ್ರಶಾಸನವನ್ನು ನೋಡಿದರೆ, ಬಲಿಷ್ಠನಾದ ಚೋಳನನ್ನು ಓಡಿಸಿದವನು ಅವನೇ! ಎರಡು ಆಸ್ಥಾನಗಳಲ್ಲಿಯೂ ಹೊಗಳುವವರಿಗೆ ಅನ್ನವಿತ್ತು. ಅನ್ನವಿದ್ದ ಕಡೆಗೆ ಜಯವೂ ಹರಿದು ಬಂದಿತು. ಆ ಕಾಲದ ರೈತನ ಹೊಲ ಎಷ್ಟು ತುಳಿಯಲ್ಪಟ್ಟಿತೆಂದು ಎರಡು ಕಡೆಯ ಪ್ರಶಸ್ತಿಕಾರರೂ ಬರೆಯಲಿಲ್ಲ. ಅರಸನ ಮುಖವನ್ನೇ ನೋಡುತ್ತಿದ್ದವರಿಗೆ ರೈತನ ಮುಖವು ಕಾಣುವದು ಹೇಗೆ?

ಆದರೆ ಅದೇ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಇದಕ್ಕಿಂತ ಸುಮಾರು ಸಾವಿರದ ಮುನ್ನೂರು ವರ್ಷ ಹಿಂದಿನ ಬೇರೊಂದು ಬರೆಹವಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾಗಿದ್ದ ಬೀಡನ್ ಎಂಬವರು ಅದನ್ನು ಕಂಡುಹಿಡಿದರು. ಅದುವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಕಾಣುತ್ತಿದ್ದವು. ಮಸ್ಕಿಯ ಬಂಡೆಯ ಮೇಲೆ ಮೊಟ್ಟಮೊದಲಿಗೆ ಅಶೋಕನೆಂಬ ಹೆಸರೇ ಓದಲ್ಪಟ್ಟಿತು. ಮುಂದೆ ತುಂಗಭದ್ರೆಯ ಆಚೆಗೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಈ ಶಾಸನದ ಸಾರವೇನೆಂದರೆ, ಧರ್ಮದ ಫಲವು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಚಿಕ್ಕವರೂ ಅದನ್ನು ಹೊಂದಬಲ್ಲರು; ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ಒಂದೇ ರೀತಿಯಾಗಿ ಹೇಳತಕ್ಕದ್ದು ಎಂಬದೇ. ಮುಖ ನೋಡಿ ಮಣೆ ಹಾಕುವದು ಮುಖಸ್ತುತಿಯ ನಿಯಮವಾದರೆ, ಎಲ್ಲರಿಗೂ ಒಂದೇ ಮಾತು ಎಂಬದು ಈ ಬಂಡೆಯ ನಿಯಮ. ಆಳುವವನು ಆಳಿಸಿಕೊಳ್ಳುವವರೊಡನೆ ಹೀಗೆ ಮಾತನಾಡಿದ ನೆಲದಲ್ಲಿ ನಮ್ಮ ಮಕ್ಕಳು ಆಡಿ ಬೆಳೆಯುತ್ತಿರುವದು ಅವರ ಭಾಗ್ಯವೇ ಸರಿ.

ಅರಸರ ಮಾತನ್ನು ಬಿಟ್ಟು ಈಗ ಒಂದು ಬಡ ಸಂಸಾರಕ್ಕೆ ಬರೋಣ. ಲಿಂಗಸುಗೂರು ತಾಲೂಕಿನ ಅಮರೇಶ್ವರವು ಆಯ್ದಕ್ಕಿ ಲಕ್ಕಮ್ಮನ ಊರೆಂದು ಪ್ರಸಿದ್ಧವಾಗಿದೆ. ಹನ್ನೆರಡನೆಯ ಶತಮಾನದ ಈ ಶಿವಶರಣೆಯೂ ಆಕೆಯ ಪತಿಯಾದ ಮಾರಯ್ಯನೂ ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದೇ ಮಾರಯ್ಯನ ಕಾಯಕವಾಗಿತ್ತು. ಒಂದು ದಿವಸ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಲೆಯ ಮೇಲೆ ಇಡಲಿಲ್ಲ. ಈ ಆಶೆ ನಮಗೆ ತಕ್ಕದ್ದಲ್ಲ, ಹೆಚ್ಚಾದದ್ದನ್ನು ತಂದ ಸ್ಥಳದಲ್ಲಿಯೇ ಸುರಿದು ಬಾ ಎಂಬ ಅಭಿಪ್ರಾಯದ ಮಾತನ್ನು ಆಕೆ ಪತಿಗೆ ನೇರವಾಗಿ ಹೇಳಿದಳೆಂದು ಪರಂಪರೆಯು ನೆನೆಯುತ್ತದೆ. ಮನೆಗೆ ಹೆಚ್ಚು ತಂದ ಗಂಡನನ್ನು ಹೊಗಳುವದು ಸುಲಭವಾಗಿತ್ತು. ಆ ಹೊತ್ತಿಗೆ ಮನೆಯಲ್ಲಿ ಸಂತೋಷವೂ ಆಗುತ್ತಿತ್ತು. ಲಕ್ಕಮ್ಮನು ಆ ಸುಲಭವನ್ನು ಆರಿಸಲಿಲ್ಲ.

ಆಕೆಗೆ ಗಂಡನಲ್ಲಿ ಪ್ರೀತಿ ಕಡಿಮೆಯಾಗಿತ್ತೋ? ಆಕೆಯ ವಚನಗಳ ಅಂಕಿತವನ್ನು ನೋಡಿದವರು ಹಾಗೆನ್ನಲಾರರು. ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂಬದೇ ಆಕೆಯ ಅಂಕಿತ. ದೇವರ ಹೆಸರಿನಲ್ಲಿಯೇ ಗಂಡನ ಹೆಸರನ್ನು ಸೇರಿಸಿಕೊಂಡವಳು ಗಂಡನ ತಪ್ಪನ್ನು ಗಂಡನಿಗೇ ತೋರಿಸಿದಳು. ಪ್ರೀತಿಯೂ ನಿಜವೂ ಒಂದೇ ನಾಲಿಗೆಯ ಮೇಲೆ ಇರಬಹುದೆಂಬದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಈ ಧೈರ್ಯ ಆಕೆಗೆ ಎಲ್ಲಿಂದ ಬಂದಿತೆಂದು ಕೇಳಿದರೆ, ನಾವು ಪೌಲನ ಗುಡಾರದ ಕೆಲಸವನ್ನೇ ತೋರಿಸುವೆವು. ಇಬ್ಬರೂ ಕಾಯಕದಿಂದ ಬದುಕಿದವರು, ಹೆಚ್ಚಿನದನ್ನು ಬಯಸದವರು. ಬಯಕೆ ಕಡಿಮೆಯಾದಲ್ಲಿ ಹಂಗು ಕಡಿಮೆ. ಹಂಗು ಕಡಿಮೆಯಾದಲ್ಲಿ ಮಾತು ಸ್ವಚ್ಛ.

ಇನ್ನು ನಮ್ಮ ಶಾಲೆಯ ಹುಡುಗಿಯರ ಸಂಗತಿ. ಇವರಲ್ಲಿ ಕೆಲವರು ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಿಂದ, ತುಂಗಭದ್ರೆಯ ಎಡದಂಡೆ ಕಾಲುವೆಯ ಬತ್ತದ ಗದ್ದೆಗಳಿಂದ ಬರುವವರು. ಕೆಲವರು ಹಟ್ಟಿಯ ಗಣಿಕೆಲಸಗಾರರ ಮನೆಗಳಿಂದ ಬರುವವರು. ಕೆಲವರು ಮಸ್ಕಿಯ ಕಡೆಯ ಜೋಳ ತೊಗರಿಯ ಹೊಲಗಳಿಂದ ಬರುವವರು. ಎಲ್ಲಿಂದ ಬಂದರೂ ಇವರಿಗೆ ಮನೆಯಲ್ಲಿ ಕಲಿಸಲ್ಪಟ್ಟ ಮೊದಲನೆಯ ಪಾಠವು ಒಂದೇ: ಎಲ್ಲರ ಮನಸ್ಸನ್ನು ಹಿಡಿದುಕೊಂಡು ನಡೆಯಬೇಕು, ಎದುರಾಡಬಾರದು, ಹತ್ತು ಜನರಿಂದ ಒಳ್ಳೆಯವಳೆನ್ನಿಸಿಕೊಳ್ಳಬೇಕು. ಹಿರಿಯರಲ್ಲಿ ಮರ್ಯಾದೆಯೂ ಮಾತಿನಲ್ಲಿ ಸೌಜನ್ಯವೂ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಭೂಷಣವೇ. ಆದರೆ ಮೆಚ್ಚಿಸುವದೊಂದೇ ಹೆಣ್ಣಿನ ವಿದ್ಯೆಯೆಂದು ಕಲಿಸಿದರೆ, ನಾವು ಅರಿಸ್ಟಾಟಲನು ಹೇಳಿದ ಅರೆಸ್ಕೋಸರನ್ನು ತಯಾರಿಸಿದಂತಾಯಿತು. ಎಲ್ಲರನ್ನೂ ಮೆಚ್ಚಿಸಲು ಕಲಿತವಳು ತನ್ನನ್ನು ಮೆಚ್ಚುವವನು ಬಂದಾಗ, ಅವನು ಏಕೆ ಬಂದನೆಂದು ಕೇಳುವದನ್ನು ಕಲಿತಿರುವದಿಲ್ಲ.

ಅಂಥವರು ಬರುವದುಂಟು. ಎಂಟನೆಯ ಒಂಬತ್ತನೆಯ ತರಗತಿಯ ಹುಡುಗಿಯ ಮನೆಗೆ ಸಂಬಂಧ ಕುದುರಿಸುವವರು ಬಂದು, ನಿಮ್ಮ ಮಗಳು ಸಾಕ್ಷಾತ್ ಲಕ್ಷ್ಮಿ, ಇಂಥವಳಿಗೆ ಓದಿನ ಕಷ್ಟವೇಕೆ ಎನ್ನುತ್ತಾರೆ. ತಂದೆತಾಯಿಗಳ ಮನಸ್ಸು ಕರಗುತ್ತದೆ. ಹುಡುಗಿಯ ಪುಸ್ತಕದ ಚೀಲವು ಗೂಟಕ್ಕೆ ಸೇರುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ 18 ವರ್ಷ ತುಂಬದ ಹುಡುಗಿಯ ಮದುವೆಯು ಅಪರಾಧವೆಂದು ಆ ಸವಿಮಾತಿನ ನಡುವೆ ಯಾರೂ ನೆನಪುಮಾಡುವದಿಲ್ಲ. ಇದೀಗ ಇನ್ನೊಂದು ದಾರಿಯೂ ತೆರೆದಿದೆ. ಮನೆಯ ಮೊಬೈಲ್ ಫೋನಿನಲ್ಲಿ ಹೆಸರರಿಯದ ಯಾವನೋ ಒಬ್ಬನು ಹುಡುಗಿಯ ಭಾವಚಿತ್ರವನ್ನು ಹೊಗಳುತ್ತಾನೆ. ನಾಳೆ ಅವಳ ದನಿಯನ್ನು ಹೊಗಳುತ್ತಾನೆ. ನಾಡಿದ್ದು ಒಂದು ಗುಟ್ಟನ್ನು ಕೇಳುತ್ತಾನೆ. ಥಿಯೋಫ್ರಾಸ್ಟಸನು ಕಂಡ ಮನುಷ್ಯನೇ ಇವನು. ಹಣ್ಣಿನ ಬದಲು ಮಾತನ್ನು ತಂದಿದ್ದಾನೆ. ಪೌಲನು ಅಕಾಕೋಸರೆಂದು ಕರೆದದ್ದು ಈ ಮಕ್ಕಳನ್ನೇ ಎಂದು ನಮಗೆ ಎಷ್ಟೋ ಸಾರಿ ಅನ್ನಿಸಿದೆ.

ಇದಕ್ಕೆ ಪರಿಹಾರವಾಗಿ ಕೆಲವು ಪೋಷಕರು ಹುಡುಗಿಯನ್ನು ಹೊಗಳುವದನ್ನೇ ನಿಲ್ಲಿಸುತ್ತಾರೆ; ಹೊಗಳಿದರೆ ತಲೆಗೇರುತ್ತದೆ ಎನ್ನುತ್ತಾರೆ. ಈ ಅಭಿಪ್ರಾಯವನ್ನು ನಾವು ಒಪ್ಪುವದಿಲ್ಲ. ಹಸಿದವಳಿಗೆ ಹಳಸಿದ ಅನ್ನವೂ ರುಚಿಯಾಗುವದು. ಮನೆಯಲ್ಲಿ ನಿಜವಾದ ಮೆಚ್ಚುಗೆಯ ಒಂದು ಮಾತನ್ನೂ ಕೇಳದ ಹುಡುಗಿಯೇ ಹೊರಗಿನವನ ಸುಳ್ಳು ಮೆಚ್ಚುಗೆಗೆ ಬೇಗನೆ ಓಗೊಡುವಳು. ಒಳ್ಳೆಯ ಹೊಗಳಿಕೆಯೇ ಕೆಟ್ಟ ಹೊಗಳಿಕೆಗೆ ಮದ್ದು. ಹಟ್ಟಿಯ ಗಣಿಯಲ್ಲಿ ಒಂದು ಟನ್ ಕಲ್ಲನ್ನು ಪುಡಿಮಾಡಿದರೆ ಸಿಗುವ ಚಿನ್ನವು ಕೆಲವೇ ಗ್ರಾಮು. ನಿಜವಾದ ಮೆಚ್ಚುಗೆಯೂ ಹಾಗೆಯೇ ಸ್ವಲ್ಪವಾಗಿಯೂ ಗಟ್ಟಿಯಾಗಿಯೂ ಇರಲಿ. ನೀನು ಜಾಣೆ, ನೀನು ಚೆಲುವೆ ಎನ್ನುವದು ಮುಖವನ್ನು ನೋಡಿದ ಮಾತು. ಈ ಲೆಕ್ಕವನ್ನು ಎರಡು ಸಾರಿ ತಪ್ಪಿದರೂ ಬಿಡದೆ ಮೂರನೆಯ ಸಾರಿ ಬಿಡಿಸಿದೆ; ತಂಗಿಗೆ ಜ್ವರ ಬಂದಾಗ ಇರುಳೆಲ್ಲಾ ಎಚ್ಚರವಿದ್ದೆ; ಈ ಪತ್ರದಲ್ಲಿ ಒಂದೂ ಅಕ್ಷರ ತಪ್ಪಿಲ್ಲ ಎನ್ನುವದು ಕೆಲಸವನ್ನು ನೋಡಿದ ಮಾತು. ಮೊದಲನೆಯದನ್ನು ಯಾರು ಬೇಕಾದರೂ ಹೇಳಬಹುದು. ಎರಡನೆಯದನ್ನು ಹೇಳಬೇಕಾದರೆ ಹತ್ತಿರವಿದ್ದು, ಕಣ್ಣಿಟ್ಟು, ಪ್ರೀತಿಯಿಂದ ನೋಡಿರಬೇಕು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡುವದು ನ್ಯಾಯ. ಹಂಗಿಲ್ಲದೆ ಮಾತನಾಡುವದು ಉಳ್ಳವರಿಗೆ ಸುಲಭ. ಕೂಲಿಗಾಗಿ ಒಡೆಯನ ಬಾಗಿಲಲ್ಲಿ ನಿಂತವರು ನಾಲ್ಕು ಸಿಹಿಮಾತನ್ನಾಡದೆ ಬದುಕುವದು ಹೇಗೆಂದು ಕೇಳಬಹುದು. ಈ ಪ್ರಶ್ನೆ ಸರಿಯಾದದ್ದೇ. ಪೌಲನು ಖಂಡಿಸಿದ್ದು ಲೋಭದ ಮುಸುಕಾದ ಮಾತನ್ನೇ ಹೊರತು, ಹಸಿದವನ ಬೇಡಿಕೆಯನ್ನಲ್ಲ. ದುರ್ಬಲನ ಮುಖಸ್ತುತಿಯು ಅವನ ಗುರಾಣಿ; ಅದಕ್ಕೆ ಹೊಣೆಯಾದವನು ಅದನ್ನು ಕೇಳಿ ಸುಖಿಸುವ ಬಲಿಷ್ಠನು. ಆದಕಾರಣ ಅಧಿಕಾರದಲ್ಲಿರುವ ಪ್ರತಿಯೊಬ್ಬರೂ ತಮ್ಮ ಮುಂದೆ ನಿಂತವರಿಗೆ ಮುಖಸ್ತುತಿಯ ಅಗತ್ಯವೇ ಬಾರದಂತೆ ನಡೆದುಕೊಳ್ಳಬೇಕು. ಇದು ಶಾಲೆಗೂ ಸಲ್ಲುವ ಮಾತು. ಮಗಳ ಪ್ರವೇಶಕ್ಕಾಗಿ ಬರುವ ತಾಯಂದಿರು, ಅಕ್ಕೋರೇ, ನೀವೇ ನಮ್ಮ ಪಾಲಿನ ದೇವರು ಎನ್ನುತ್ತಾರೆ. ಅಮ್ಮಂದಿರೇ, ಅದರ ಅಗತ್ಯವಿಲ್ಲ. ಓದುವ ಹಕ್ಕು ನಿಮ್ಮ ಮಗಳದು. ಹಕ್ಕನ್ನು ಪಡೆಯುವದಕ್ಕೆ ಸ್ತೋತ್ರದ ಸುಂಕವನ್ನು ಯಾರಿಗೂ ತೆರಬೇಕಾದದ್ದಿಲ್ಲ. ಅದರಂತೆಯೇ, ಮಗಳ ಪ್ರಗತಿಪತ್ರದಲ್ಲಿ ಅವಳು ಗಣಿತದಲ್ಲಿ ಹಿಂದಿದ್ದಾಳೆಂದು ಬರೆದರೆ ಬೇಸರಪಡದಿರಿ. ನಿಮ್ಮ ಮನಸ್ಸನ್ನು ಸಂತೋಷಪಡಿಸಿ ಮಗಳ ವರ್ಷವನ್ನು ಹಾಳುಮಾಡುವ ಪತ್ರಕ್ಕಿಂತ, ನಿಮ್ಮನ್ನು ಒಂದು ದಿವಸ ನೋಯಿಸಿ ಅವಳ ಮುಂದಿನ ವರ್ಷವನ್ನು ಉಳಿಸುವ ಪತ್ರವೇ ಮೇಲು.

ಇಷ್ಟಾದರೂ ಮಾತಿನ ಜಾಗ್ರತೆಯಿಂದ ಮಾತ್ರ ಈ ಕೆಡುಕು ಹೋಗದು. ಬೇರು ಹಂಗಿನಲ್ಲಿದೆಯೆಂದು ಹೇಳಿದೆವು. ಬೇರನ್ನು ಕೀಳುವದು ದುಡಿಮೆಯ ಶಕ್ತಿಯೇ. ಹೆಣ್ಣುಮಗಳಿಗೆ ಹತ್ತನೆಯ ತರಗತಿಯನ್ನಾದರೂ ಮುಗಿಸಿರೆಂದು ನಾವು ಪೋಷಕರನ್ನು ಬೇಡಿಕೊಳ್ಳುವದು ಗೋಡೆಗೆ ತೂಗುಹಾಕುವ ಪತ್ರದ ಸಲುವಾಗಿ ಅಲ್ಲ. ಶುಶ್ರೂಷಕಿಯಾಗಿ, ಶಿಕ್ಷಕಿಯಾಗಿ, ಗುಮಾಸ್ತೆಯಾಗಿ, ಹೊಲಿಗೆಯ ಅಂಗಡಿಯವಳಾಗಿ, ಸ್ವಂತ ಹೊಲದ ಲೆಕ್ಕವನ್ನು ತಾನೇ ಬರೆದುಕೊಳ್ಳುವ ರೈತಳಾಗಿ, ತನ್ನ ಅನ್ನವನ್ನು ತಾನು ದುಡಿಯಬಲ್ಲ ಹೆಣ್ಣಿಗೆ ಅತ್ತೆಯ ಮನೆಯಲ್ಲಿಯೂ ತೌರುಮನೆಯಲ್ಲಿಯೂ ಕಚೇರಿಯಲ್ಲಿಯೂ ಸುಳ್ಳುಸ್ತುತಿಯ ಹಂಗು ಬೀಳದು. ಆಕೆ ಗಂಡನನ್ನು ಮೆಚ್ಚಿದರೆ ಅದು ಮೆಚ್ಚುಗೆಯೇ, ಅನ್ನದ ಭಯವಲ್ಲ. ತಪ್ಪನ್ನು ತೋರಿಸಿದರೆ ಅದು ಹಿತವಚನವೇ, ಜಗಳವಲ್ಲ. ಲಕ್ಕಮ್ಮನ ನಾಡಿನ ಹೆಣ್ಣುಮಕ್ಕಳಿಗೆ ಇದು ಹೊಸ ಪಾಠವಾಗಬಾರದು.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಅರಿಕೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತ ಅಶೋಕನ ಶಾಸನದ ಒಂದು ಭಾಗದಲ್ಲಿ ನಾಲಿಗೆಯ ಹಿಡಿತವನ್ನು ಕುರಿತು ಹೇಳಿದೆ. ತನ್ನ ಪಂಥವನ್ನೇ ಸಂದರ್ಭವಿಲ್ಲದೆ ಹೊಗಳಿ ಇತರರ ಪಂಥವನ್ನು ಹಳಿಯಬಾರದೆಂಬದು ಅದರ ಅಭಿಪ್ರಾಯ. ಶಾಲೆಗಳಿಗೂ ಈ ಮಾತು ಒಪ್ಪುವದು. ನೀವು ನಿಮ್ಮ ಶಾಲೆಯನ್ನು ಪ್ರೀತಿಸುವಿರೆಂಬದು ನಮಗೆ ಗೊತ್ತಿದೆ. ನೆನಪಿನ ಲೇಖನಗಳಲ್ಲಿ ಅದನ್ನು ಬರೆಯಿರಿ. ನಾವು ಸಂತೋಷದಿಂದ ಓದುವೆವು. ಅದರ ಜೊತೆಗೆ, ಇಲ್ಲಿ ಕಲಿತದ್ದರಲ್ಲಿ ಯಾವದು ನಿಮಗೆ ಉಪಯೋಗಕ್ಕೆ ಬಂದಿತು, ಯಾವದು ಬರಲಿಲ್ಲ, ಯಾವದನ್ನು ನಿಮಗೆ ಯಾರೂ ಕಲಿಸಲಿಲ್ಲ ಎಂಬದನ್ನೂ ಬರೆಯಿರಿ. ಈಗ ಆ ಬೆಂಚುಗಳ ಮೇಲೆ ಕುಳಿತಿರುವ ನಿಮ್ಮ ತಂಗಿಯಂದಿರಿಗೆ ಹತ್ತು ಪುಟಗಳ ಸ್ತೋತ್ರಕ್ಕಿಂತ ಅಂಥ ಒಂದು ಪುಟವು ಹೆಚ್ಚಿನ ಉಪಕಾರವನ್ನು ಮಾಡುವದು. ನೀವು ಶಾಲೆಯ ಹಂಗಿನಲ್ಲಿಲ್ಲ. ಆದದರಿಂದ ಶಾಲೆಗೆ ನಿಜವನ್ನು ಹೇಳುವ ಅಧಿಕಾರವು ಎಲ್ಲರಿಗಿಂತ ಹೆಚ್ಚಾಗಿ ನಿಮಗೇ ಸೇರಿದ್ದು. ಅದನ್ನು ಪ್ರೀತಿಯಿಂದ ನಡಿಸಿರೆಂದು ಬೇಡುತ್ತೇವೆ.